ನಾಲ್ಕು ಜನರ ಮುಂದೆ: ಸಾಮಾಜಿಕ ಭೀತಿಯ ಅರಿವು ಮತ್ತು ಚಿಕಿತ್ಸೆ



ಈ ದತ್ತಿ ಉಪನ್ಯಾಸ ಯಾರ ಸ್ಮರಣೆಗೆ ಮೀಸಲಾಗಿದೆಯೋ ಅವರು ಬದುಕಿನುದ್ದಕ್ಕೂ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಹೇಳಿದವರು. ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ಖಿನ್ನತೆಯನ್ನೋ ಕುಡಿತದ ಚಟವನ್ನೋ ಆರಿಸಿಕೊಳ್ಳಬಹುದಿತ್ತು. ನಾನು ಸಾಮಾಜಿಕ ಭೀತಿಯನ್ನು ಆರಿಸಿಕೊಂಡೆ. ಕಾರಣ, ಇದು ಹೈಸ್ಕೂಲಿನ ವಯಸ್ಸಿನಲ್ಲಿ ಹುಟ್ಟುವ ಕಾಯಿಲೆ. ಅಮೆರಿಕದ ಅಧ್ಯಯನಗಳ ಪ್ರಕಾರ ಇದು ಶುರುವಾಗುವ ಮಧ್ಯಮ ವಯಸ್ಸು 13. ಕಾಯಿಲೆ ಇರುವ ನಾಲ್ವರಲ್ಲಿ ಮೂವರಿಗೆ ಅದು 8ರಿಂದ 15 ವರ್ಷದೊಳಗೇ ಬೇರು ಬಿಟ್ಟಿರುತ್ತದೆ. ಆದರೆ ಚಿಕಿತ್ಸೆಗೆಂದು ನಮ್ಮ ಬಳಿಗೆ ಬರುವವರು ಇಪ್ಪತ್ತೈದೋ ಮೂವತ್ತೋ ದಾಟಿದವರು. ನಡುವಿನ ಅಷ್ಟು ವರ್ಷ ಅವರು ಹಿಂದಿನ ಬೆಂಚಿನಲ್ಲಿದ್ದರು. ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂತಿದ್ದರು. ಗಲಾಟೆ ಮಾಡದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಸಭೆಯಲ್ಲಿ ಎದ್ದು ನಿಂತಾಗ ಎದೆ ಢವಢವ ಅನ್ನುವುದು, ಗಂಟಲು ಒಣಗುವುದು, ಅಂಗೈ ಬೆವರುವುದು ಕಾಯಿಲೆಯಲ್ಲ. ಹೊಸಬರ ಎದುರು ಸಂಕೋಚಪಡುವುದು ಸ್ವಭಾವ. ಮಾತು ಕಡಿಮೆ ಆಡುವವರು, ಒಬ್ಬರೇ ಇರಲು ಇಷ್ಟಪಡುವವರು ಯಾವ ವೈದ್ಯರ ಹತ್ತಿರವೂ ಬರಬೇಕಿಲ್ಲ. ಅವರನ್ನು ಅವರ ಪಾಡಿಗೆ ಬಿಡುವುದೇ ಸರಿ. ಸಾಮಾಜಿಕ ಭೀತಿ ಇರುವವರ ಸಂಗತಿ ಬೇರೆ. ಅವರಿಗೆ ಜನ ಬೇಕು, ಗೆಳೆತನ ಬೇಕು, ಮಾತಾಡುವ ಆಸೆಯೂ ಇದೆ. ಆದರೆ ಇತರರ ಕಣ್ಣು ತಮ್ಮ ಮೇಲೆ ಬಿದ್ದ ಕೂಡಲೇ ತಾವು ನಗೆಪಾಟಲಾಗುತ್ತೇವೆ, ಕೈಲಾಗದವರೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಭಯ ಹಿಡಿದುಕೊಳ್ಳುತ್ತದೆ. ಆ ಭಯ ತಿಂಗಳುಗಟ್ಟಲೆ ಬಿಡದೆ ಕಾಡಿ, ಓದು, ಉದ್ಯೋಗ, ಸ್ನೇಹ, ಮದುವೆ ಒಂದೊಂದಾಗಿ ಕೈಬಿಡತೊಡಗಿದಾಗ ಅದನ್ನು ಕಾಯಿಲೆ ಎನ್ನಬೇಕಾಗುತ್ತದೆ.

ಭಯ ಭಾಷಣಕ್ಕಷ್ಟೇ ಸೀಮಿತವಲ್ಲ. ಇದರ ತೀವ್ರತೆ ಅಳೆಯಲು ಅಮೆರಿಕದ ಮನೋವೈದ್ಯ ಮೈಕೆಲ್ ಲೀಬೊವಿಟ್ಜ್ 1987ರಲ್ಲಿ ಒಂದು ಪಟ್ಟಿ ಮಾಡಿದರು. ಅದರಲ್ಲಿ 24 ಸಂದರ್ಭಗಳಿವೆ. ಪಕ್ಕದಲ್ಲಿ ಜನರಿರುವಾಗ ಫೋನಿನಲ್ಲಿ ಮಾತಾಡುವುದು, ಹತ್ತು ಜನರ ಎದುರು ಊಟ ಮಾಡುವುದು, ಯಾರಾದರೂ ನೋಡುತ್ತಿರುವಾಗ ಬರೆಯುವುದು, ಸಾರ್ವಜನಿಕ ಶೌಚಾಲಯದಲ್ಲಿ ಮೂತ್ರ ಮಾಡುವುದು, ಅಂಗಡಿಯಲ್ಲಿ ಕೊಂಡ ವಸ್ತುವನ್ನು ವಾಪಸ್ ಕೊಡುವುದು ಎಲ್ಲವೂ ಅದರಲ್ಲಿವೆ. ಈ ಪಟ್ಟಿಯನ್ನು ಓದಿಸಿದಾಗ ಕೆಲವರು ಅತ್ತುಬಿಡುತ್ತಾರೆ. ಇದು ತಮ್ಮೊಬ್ಬರ ಹುಚ್ಚು ಎಂದುಕೊಂಡಿದ್ದವರಿಗೆ, ಬೇರೆಯವರಿಗೂ ಹೀಗಾಗುತ್ತದೆ, ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಎಂದು ತಿಳಿಯುವುದೇ ಅರ್ಧ ಸಮಾಧಾನ.

ಒಬ್ಬ ಯುವಕನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಇಬ್ಬರು ಮೂವರ ಅನುಭವವನ್ನು ಒಂದಾಗಿಸಿದ್ದೇನೆ. ಆತ ಬಂದದ್ದು ಕೈ ನಡುಕಕ್ಕೆಂದು. ನರರೋಗ ತಜ್ಞರಿಗೆ ತೋರಿಸಿಯಾಗಿತ್ತು, ಥೈರಾಯ್ಡ್ ಪರೀಕ್ಷೆ ಆಗಿತ್ತು, ಎಲ್ಲವೂ ಸರಿಯಾಗಿತ್ತು. ಮನೆಯಲ್ಲಿ ಒಬ್ಬನೇ ಇದ್ದಾಗ ಕೈ ಸ್ಥಿರ. ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತ ನೋಡುತ್ತಾ ನಿಂತಾಗ ಮಾತ್ರ ಸಹಿ ಓರೆಕೋರೆ. ಒಮ್ಮೆ ಸಹಿ ಹೊಂದುತ್ತಿಲ್ಲ ಎಂದು ಚೆಕ್ಕು ವಾಪಸ್ ಬಂದ ಮೇಲೆ ಬ್ಯಾಂಕಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುತ್ತಿರಲಿಲ್ಲ, ಈಗ ತಾನೇ ತಿಂದು ಬಂದೆ ಅನ್ನುತ್ತಿದ್ದ. ಕಾಫಿ ಕೊಟ್ಟರೆ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಯಾರೂ ನೋಡದ ಗಳಿಗೆ ಕಾದು, ಒಂದೇ ಗುಟುಕಿಗೆ ಮುಗಿಸುತ್ತಿದ್ದ. ತಂಗಿಯ ಧಾರೆಯ ಹೊತ್ತಿಗೆ ಅಡುಗೆಯವರ ಉಸ್ತುವಾರಿಯ ನೆಪದಲ್ಲಿ ಹಿತ್ತಲಲ್ಲೇ ಉಳಿದ. ನೆಂಟರೆಲ್ಲ ಹೊಗಳಿದರು: ಎಷ್ಟು ಜವಾಬ್ದಾರಿ ಇರೋ ಹುಡುಗ, ಒಂದು ಕ್ಷಣ ಕೂರಲಿಲ್ಲ ನೋಡಿ ಎಂದು. ಆ ಹೊಗಳಿಕೆ ಕೇಳಿ ಅವನಿಗೆ ಅಳು ಬಂದಿತ್ತಂತೆ. ಧಾರೆಯನ್ನು ಅವನು ಆಮೇಲೆ ವಿಡಿಯೋದಲ್ಲಿ ನೋಡಿದ.

ಈ ಹೊಗಳಿಕೆಯ ಬಗ್ಗೆ ನನಗೆ ನಿಜವಾದ ಚಿಂತೆಯಿದೆ. ಸಾಮಾಜಿಕ ಭೀತಿ ನಮ್ಮಲ್ಲಿ ಸದ್ಗುಣದ ವೇಷದಲ್ಲಿ ಬದುಕುತ್ತದೆ. ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ತಲೆ ಎತ್ತಿ ಮಾತಾಡದವಳು, ನೆಂಟರು ಬಂದರೆ ಕೋಣೆ ಸೇರುವವಳು ಒಳ್ಳೆಯ ಹುಡುಗಿ. ಅವಳು ಸಂಕಟಪಡುತ್ತಿದ್ದಾಳೆ ಎಂಬುದು ಮನೆಯವರ ಗಮನಕ್ಕೆ ಬರುವುದು ಕೆಲಸದ ಸಂದರ್ಶನಕ್ಕೆ ಹೊರಟವಳು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದಾಗಲೋ, ಹೆಣ್ಣು ನೋಡಲು ಬಂದವರ ಎದುರು ಕಾಫಿ ತಟ್ಟೆ ಹಿಡಿಯಲಾರದೆ ಕುಸಿದಾಗಲೋ. ಆಗಲೂ ವೈದ್ಯರ ಮಾತು ಏಳುವುದು ಅಪರೂಪ. ಧೈರ್ಯ ಸಾಲದು ಅನ್ನುತ್ತಾರೆ, ತಾಯತ ಕಟ್ಟಿಸುತ್ತಾರೆ, ಇಲ್ಲವೇ ಮದುವೆಯಾದರೆ ಸರಿಹೋಗುತ್ತದೆ ಅನ್ನುತ್ತಾರೆ.

ವೈದ್ಯಶಾಸ್ತ್ರವೂ ತಡವಾಗಿಯೇ ಕಣ್ಣು ಬಿಟ್ಟಿತು. ಫ್ರಾನ್ಸಿನ ಪಿಯೆರ್ ಜಾನೆ 1903ರಲ್ಲಿ ಇಂಥ ಭಯಗಳನ್ನು ವಿವರಿಸಿದ್ದರು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಐಸಾಕ್ ಮಾರ್ಕ್ಸ್ ಮತ್ತು ಮೈಕೆಲ್ ಗೆಲ್ಡರ್ 1966ರಲ್ಲಿ, ಹಾವು, ಎತ್ತರ, ಜನಜಂಗುಳಿಗಳ ಭಯದಿಂದ ಇದನ್ನು ಬೇರ್ಪಡಿಸಿ ತೋರಿಸಿದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇದು ಸೇರಿದ್ದು 1980ರಲ್ಲಿ. ಐದು ವರ್ಷದ ನಂತರವೂ ಲೀಬೊವಿಟ್ಜ್ ಇದನ್ನು ಕಡೆಗಣಿಸಲ್ಪಟ್ಟ ಕಾಯಿಲೆ ಎಂದೇ ಬರೆಯಬೇಕಾಯಿತು.

ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಂಶದಿಂದ ಸ್ವಲ್ಪ ಬರುತ್ತದೆ. ಹಾರ್ವರ್ಡಿನ ಜೆರೋಮ್ ಕೇಗನ್ ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ, ಹೊಸದನ್ನು ಕಂಡರೆ ಹಿಂಜರಿಯುವ ಸ್ವಭಾವ ಕೆಲವರಲ್ಲಿ ಎಳವೆಯಲ್ಲೇ ಇರುತ್ತದೆ ಎಂದು ತೋರಿಸಿದರು. ಅಂಥ ಮಕ್ಕಳಿಗೆ ಮುಂದೆ ಈ ಭೀತಿ ಬರುವ ಸಂಭವ ಹೆಚ್ಚು, ಆದರೆ ಎಲ್ಲರಿಗೂ ಬರುವುದಿಲ್ಲ. ತರಗತಿಯಲ್ಲಿ ಆದ ಅವಮಾನ, ಬಣ್ಣ, ಜಾತಿ, ಉಗ್ಗು, ಬಡತನಗಳನ್ನು ಹಿಡಿದು ಆಡಿದ ಗೇಲಿ ಹಲವರ ಕಥೆಯಲ್ಲಿ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಪಿಯುಸಿಯಲ್ಲೋ ಎಂಜಿನಿಯರಿಂಗ್ ಕಾಲೇಜಿನಲ್ಲೋ ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡಬೇಕಾದಾಗ ಬಾಯಿ ಕಟ್ಟಿಹೋಗುವುದನ್ನು ಇಲ್ಲಿರುವ ಅಧ್ಯಾಪಕರೆಲ್ಲ ಕಂಡಿದ್ದೀರಿ. ಅದು ಭಾಷೆಯ ತೊಡಕಾಗಿದ್ದರೆ ಭಾಷೆ ಕಲಿತಂತೆ ಕರಗುತ್ತದೆ. ಕನ್ನಡದಲ್ಲಿ ಮಾತಾಡು ಎಂದರೂ ಅದೇ ನಡುಕ ಇದ್ದರೆ ಬೇರೆಯದನ್ನೇ ಯೋಚಿಸಬೇಕು.

ಹುಟ್ಟಿದ್ದು ಹೇಗೇ ಇರಲಿ, ಈ ಭಯ ಸಾಯದೆ ಉಳಿಯುವುದು ಹೇಗೆ? ನನಗೆ ಇದೇ ಮುಖ್ಯ ಪ್ರಶ್ನೆ. ಬಾವಿಗೆ ಹೆದರುವವನು ಬಾವಿಯಿಂದ ದೂರ ಇರಬಲ್ಲ. ಜನಕ್ಕೆ ಹೆದರುವವನು ದಿನವೂ ಜನರ ನಡುವೆಯೇ ಓಡಾಡುತ್ತಾನೆ, ಬಸ್ಸು ಹತ್ತುತ್ತಾನೆ, ಅಂಗಡಿಗೆ ಹೋಗುತ್ತಾನೆ. ಹಾಗಿದ್ದೂ ಅಭ್ಯಾಸಬಲದಿಂದ ಭಯ ಯಾಕೆ ಕರಗುವುದಿಲ್ಲ? ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಈಗಿನ ಅತ್ಯುತ್ತಮ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಅವರು ಹೇಳಿದ್ದು ಇಷ್ಟು. ಜನರ ನಡುವೆ ಬಂದ ಕೂಡಲೇ ಈ ವ್ಯಕ್ತಿಯ ಗಮನ ಎದುರಿಗಿರುವವರನ್ನು ಬಿಟ್ಟು ತನ್ನೊಳಕ್ಕೆ ತಿರುಗುತ್ತದೆ. ನನ್ನ ಮುಖ ಕೆಂಪಾಯಿತೇ, ದನಿ ನಡುಗಿತೇ, ಈಗ ಹೇಳಿದ ಮಾತು ಸರಿ ಇತ್ತೇ ಎಂದು ಕಾವಲು ಕಾಯತೊಡಗುತ್ತದೆ. ಒಳಗಿನ ನಡುಕ ಎಷ್ಟಿದೆಯೋ ಹೊರಗೂ ಅಷ್ಟೇ ಕಾಣುತ್ತಿದೆ ಎಂದು ಆತ ನಂಬುತ್ತಾನೆ. ಎದುರಿನವರು ನಕ್ಕರೇ, ತಲೆಯಾಡಿಸಿದರೇ, ಮೆಚ್ಚಿದರೇ ಎಂದು ನೋಡುವ ವ್ಯವಧಾನವೇ ಇರುವುದಿಲ್ಲ. ಇದರ ಮೇಲೆ, ಮಾನ ಉಳಿಸಿಕೊಳ್ಳಲೆಂದು ಹಲವು ರಕ್ಷಣೆಗಳನ್ನು ಹೂಡುತ್ತಾನೆ. ಆಡುವ ಮಾತನ್ನು ಮನಸ್ಸಿನಲ್ಲಿ ಮೊದಲೇ ಹತ್ತು ಸಲ ಹೇಳಿಕೊಳ್ಳುವುದು, ಕಣ್ಣು ತಪ್ಪಿಸುವುದು, ಬೆವರು ಕಾಣದ ಬಣ್ಣದ ಅಂಗಿ, ವಿಡಿಯೋ ಮೀಟಿಂಗಿನಲ್ಲಿ ಕ್ಯಾಮೆರಾ ಮುಚ್ಚಿಡುವುದು, ಅಂಗಡಿಗೆ ಹೋಗದೆ ಎಲ್ಲವನ್ನೂ ಮೊಬೈಲಿನಲ್ಲೇ ತರಿಸುವುದು. ಏನೂ ಅನಾಹುತ ಆಗದಿದ್ದರೆ, ಈ ರಕ್ಷಣೆಗಳಿಂದಲೇ ಬಚಾವಾದೆ ಎಂದುಕೊಳ್ಳುತ್ತಾನೆ. ಭಯ ಪರೀಕ್ಷೆಗೇ ಒಳಪಡುವುದಿಲ್ಲ. ಎಷ್ಟೋ ಸಲ ರಕ್ಷಣೆಯೇ ತೊಂದರೆ ತರುತ್ತದೆ: ಲೋಟವನ್ನು ಬಿಗಿ ಹಿಡಿದಷ್ಟೂ ಕೈ ಹೆಚ್ಚು ನಡುಗುತ್ತದೆ, ಕಣ್ಣು ತಪ್ಪಿಸುವವನನ್ನು ಜನ ಸೊಕ್ಕಿನವನೆಂದು ತಿಳಿಯುತ್ತಾರೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಆಡಿದ ಮಾತನ್ನೆಲ್ಲ ಮತ್ತೆ ಕೆದಕುವುದು ಬೇರೆ ಇದೆ. ಬೆಳಗಾಗುವಷ್ಟರಲ್ಲಿ ಚೆನ್ನಾಗಿಯೇ ನಡೆದ ಭೇಟಿಯೂ ನೆನಪಿನಲ್ಲಿ ಅವಮಾನವಾಗಿರುತ್ತದೆ.

ಗಮನ ಒಳಕ್ಕೆ ತಿರುಗುವುದು, ಹೊರಕ್ಕೆ ಹರಿಯುವುದು ಅಂದರೆ ಏನು ಎಂಬುದಕ್ಕೆ ನಮಗೆಲ್ಲ ಗೊತ್ತಿರುವ ಒಬ್ಬರ ಬದುಕಿನಿಂದ ಎರಡು ಪ್ರಸಂಗ ಹೇಳುತ್ತೇನೆ. 1891ರಲ್ಲಿ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಗಾಂಧಿ ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಮೊಕದ್ದಮೆ ಹಿಡಿದರು. ಮಮೀಬಾಯಿ ಎಂಬುವರ ಕೇಸು, ಫೀಸು 30 ರೂಪಾಯಿ. ಪಾಟೀಸವಾಲಿಗೆಂದು ಎದ್ದು ನಿಂತಾಗ ತಲೆ ತಿರುಗಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ, ಕೂತುಬಿಟ್ಟರು. ಕೇಸು 51 ರೂಪಾಯಿಗೆ ಬೇರೆ ವಕೀಲರ ಪಾಲಾಯಿತು. ದಕ್ಷಿಣ ಆಫ್ರಿಕಕ್ಕೆ ಹೋಗುವವರೆಗೂ ಮತ್ತೆ ಕೋರ್ಟಿನಲ್ಲಿ ವಾದಕ್ಕೆ ನಿಲ್ಲಲಿಲ್ಲ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದಕ್ಕೂ ಮೊದಲು ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ತಾವು ಬರೆದು ತಂದ ನಾಲ್ಕು ಮಾತನ್ನು ಬೇರೆಯವರಿಂದ ಓದಿಸಬೇಕಾಗಿ ಬಂದಿತ್ತು. ಅದೇ ಗಾಂಧಿ 1893ರಲ್ಲಿ ಪ್ರಿಟೋರಿಯಾದ ಒಬ್ಬ ವರ್ತಕರ ಮನೆಯಲ್ಲಿ ಭಾರತೀಯರ ಸಭೆ ಕರೆದು ವ್ಯಾಪಾರದಲ್ಲಿ ಸತ್ಯ ಪಾಲಿಸುವ ಬಗ್ಗೆ, ಅಲ್ಲಿನ ಭಾರತೀಯರು ಪಡುತ್ತಿದ್ದ ಪಾಡಿನ ಬಗ್ಗೆ ಮಾತಾಡಿದರು. ಅದು ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣ ಎಂದು ಅವರು ಲೆಕ್ಕ ಇಟ್ಟಿದ್ದಾರೆ.

ಅವರಿಗೆ ಕಾಯಿಲೆ ಇತ್ತು ಎಂದು ನಾನು ಹೇಳುತ್ತಿಲ್ಲ. ಸತ್ತವರಿಗೆ ರೋಗದ ಹೆಸರು ಹಚ್ಚುವುದು ನನಗೆ ಒಪ್ಪಿತವಲ್ಲ. ಸಂಕೋಚ ತಮಗೆ ಮಿತಭಾಷೆಯನ್ನು ಕಲಿಸಿತೆಂದು ಅವರೇ ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ನಾನು ಗಮನಿಸುವುದು ಒಂದನ್ನು. ಮುಂಬಯಿಯಲ್ಲಿ ಪರೀಕ್ಷೆಗೆ ನಿಂತದ್ದು ಅವರ ವಕೀಲಿಕೆ, ಅವರ ಯೋಗ್ಯತೆ. ಪ್ರಿಟೋರಿಯಾದಲ್ಲಿ ಎದುರಿಗಿದ್ದದ್ದು ವರ್ತಕರು, ಅವರ ಕಷ್ಟ, ಅವರಿಗೆ ಹೇಳಲೇಬೇಕಾದ ಒಂದು ವಿಷಯ. ಗಮನಕ್ಕೆ ಹೊರಗೆ ಕೆಲಸ ಸಿಕ್ಕಿತ್ತು.

ಇದೇ ದಾರಿಯನ್ನು ಜಪಾನಿನಲ್ಲಿ ಮನೋವೈದ್ಯ ಶೋಮಾ ಮೊರಿಟಾ 1920ರ ಹೊತ್ತಿಗೇ ಹಿಡಿದಿದ್ದರು. ಅಲ್ಲಿ ಈ ಕಾಯಿಲೆಗೆ ತೈಜಿನ್ ಕ್ಯೋಫುಶೋ ಎಂಬ ರೂಪವಿದೆ: ತನ್ನ ನೋಟ, ಕೆಂಪೇರಿದ ಮುಖ, ಮೈವಾಸನೆಗಳಿಂದ ಎದುರಿನವರಿಗೆ ಕಿರಿಕಿರಿ ಆಗುತ್ತಿದೆ ಎಂಬ ಭಯ. ಭಯದೊಂದಿಗೆ ಗುದ್ದಾಡದೆ, ಅದನ್ನು ಇರಗೊಟ್ಟು, ಕೈಯಲ್ಲಿರುವ ಕೆಲಸ ಮಾಡಿ ಎಂದು ಮೊರಿಟಾ ರೋಗಿಗಳಿಗೆ ಹೇಳುತ್ತಿದ್ದರು.

ಈಗ ಚಿಕಿತ್ಸೆ. ಕೈ ನಡುಕಕ್ಕೆಂದು ಬಂದಿದ್ದ ಆ ಯುವಕನೊಂದಿಗೆ ಮೊದಲು ಮಾಡಿದ್ದು ಮಾತಿನ ಎರಡು ಪ್ರಯೋಗ. ಅಪರಿಚಿತರೊಬ್ಬರನ್ನು ಕೂರಿಸಿ, ಐದು ನಿಮಿಷ ನಿನ್ನ ಎಲ್ಲ ರಕ್ಷಣೆಗಳ ಜೊತೆ ಮಾತಾಡು, ನಿನ್ನ ದನಿಯನ್ನೂ ಕೈಯನ್ನೂ ಗಮನಿಸುತ್ತಲೇ ಇರು ಎಂದೆವು. ಆಮೇಲೆ ಇನ್ನೈದು ನಿಮಿಷ, ಅವನ್ನೆಲ್ಲ ಬಿಟ್ಟು ಎದುರಿನವರು ಹೇಳುವುದನ್ನು ಕೇಳು, ಅವರ ಮುಖ ನೋಡು ಎಂದೆವು. ಎರಡನೆಯದು ಕಷ್ಟವಾಗುತ್ತದೆ ಎಂದುಕೊಂಡಿದ್ದವನಿಗೆ ಅದೇ ಹಗುರವಾಯಿತು. ಎದುರಿಗೆ ಕೂತಿದ್ದವರೂ ಎರಡನೆಯ ಮಾತುಕತೆಯೇ ಹಿತವಾಗಿತ್ತು ಎಂದರು.

ಇದನ್ನು ವಿಡಿಯೋ ಮಾಡಿಟ್ಟಿದ್ದೆವು. ತೋರಿಸುವ ಮೊದಲು ಕೇಳಿದೆ: ಕೈ ಎಷ್ಟು ನಡುಗಿರುವುದು ಕಾಣುತ್ತದೆ, ಮಾಡಿ ತೋರಿಸು. ಆತ ಕೈಯನ್ನು ಮೊಣಕೈಯಿಂದ ಜೋರಾಗಿ ಅಲ್ಲಾಡಿಸಿ ತೋರಿಸಿದ. ನಂತರ, ಪರದೆಯ ಮೇಲಿರುವವನು ಯಾರೋ ಅಪರಿಚಿತ ಎಂದುಕೊಂಡು ನೋಡು ಎಂದು ವಿಡಿಯೋ ಹಾಕಿದೆವು. ಬೆರಳ ತುದಿಯಲ್ಲಿ ಸಣ್ಣ ನಡುಕ, ಹುಡುಕಿ ನೋಡಿದರೆ ಕಾಣುವಷ್ಟು. ಆತ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿದ. ಹತ್ತು ವರ್ಷ ತನ್ನ ಬಗ್ಗೆ ಮನಸ್ಸಿನಲ್ಲಿ ಇಟ್ಟುಕೊಂಡ ಚಿತ್ರಕ್ಕೂ ಹೊರಗಿನವರ ಕಣ್ಣಿಗೆ ಬೀಳುವ ಚಿತ್ರಕ್ಕೂ ಇಷ್ಟು ಅಂತರ ಇದೆ ಎಂದು ಯಾರು ಬಾಯಲ್ಲಿ ಹೇಳಿದ್ದರೂ ನಂಬುತ್ತಿರಲಿಲ್ಲ.

ಮುಂದಿನದು ಹೊರಗೆ, ದರ್ಶಿನಿಯಲ್ಲಿ. ಕಾಫಿ ಚೆಲ್ಲಿದರೆ ಏನಾಗುತ್ತದೆ ಎಂದು ಮೊದಲೇ ಬರೆಸಿಕೊಂಡೆವು: ಎಲ್ಲರೂ ತಿರುಗಿ ನೋಡುತ್ತಾರೆ, ನಗುತ್ತಾರೆ, ಕ್ಯಾಷಿಯರ್ ಬೈಯುತ್ತಾನೆ. ಮೊದಲ ಸಲ ಚೆಲ್ಲಿದ್ದು ಚಿಕಿತ್ಸಕರು. ಇದು ಈ ಚಿಕಿತ್ಸೆಯ ನಿಯಮ, ರೋಗಿಗೆ ಹೇಳುವುದನ್ನು ತಾವು ಮೊದಲು ಮಾಡಿ ತೋರಿಸಬೇಕು. ಆತನ ಕೆಲಸ ಸುತ್ತಲಿನವರ ಮುಖ ನೋಡುವುದು. ಪಕ್ಕದ ಮೇಜಿನವರು ಒಮ್ಮೆ ನೋಡಿ ವಡೆಗೆ ಮರಳಿದರು. ಹುಡುಗ ಬಂದು ಬಟ್ಟೆಯಲ್ಲಿ ಒರೆಸಿಕೊಂಡು ಹೋದ. ಟೋಕನ್ ಕೊಡುವವರು ತಲೆಯನ್ನೇ ಎತ್ತಲಿಲ್ಲ. ಮುಂದಿನ ವಾರ ಆತ ತಾನೇ ಚೆಲ್ಲಿದ. ಆಮೇಲೆ ಬ್ಯಾಂಕಿನ ಚಲನ್, ಮದುವೆ ಮನೆಯ ಪಂಕ್ತಿ, ಕಚೇರಿಯ ಮೀಟಿಂಗಿನಲ್ಲಿ ಒಂದು ಪ್ರಶ್ನೆ. ಪ್ರತಿಸಲವೂ ಮೊದಲು ಊಹೆ, ಆಮೇಲೆ ಪ್ರಯೋಗ, ಆಮೇಲೆ ಕಂಡದ್ದೇನು ಎಂಬ ಟಿಪ್ಪಣಿ. ಧೈರ್ಯ ತಂದುಕೋ ಎಂಬ ಮಾತು ಎಲ್ಲೂ ಬರುವುದಿಲ್ಲ. ಭಯ ಇದ್ದಾಗಲೇ, ರಕ್ಷಣೆ ಬಿಟ್ಟು, ಹೊರಗೆ ನೋಡಬೇಕು, ಅಷ್ಟೇ. ಸುಲಭವೆಂದು ಯಾರೂ ತಿಳಿಯಬೇಡಿ. ದರ್ಶಿನಿಯ ಮೆಟ್ಟಿಲವರೆಗೆ ಬಂದು ಹಿಂತಿರುಗಿದ ದಿನಗಳೂ ಇದ್ದವು.

ಇದು ಒಂದೆರಡು ಜನರ ಅನುಭವವಷ್ಟೇ ಅಲ್ಲ. 2014ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 101 ಚಿಕಿತ್ಸಾ ಪ್ರಯೋಗಗಳನ್ನು, 13 ಸಾವಿರಕ್ಕೂ ಮೀರಿದ ಜನರನ್ನು ಒಟ್ಟಿಗೆ ತೂಗಿ ನೋಡಿತು. ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ಕೊಡುವ ಈ ಬಗೆಯ ಅರಿವಿನ ವರ್ತನಾ ಚಿಕಿತ್ಸೆಯನ್ನೇ ಮೊದಲ ಆಯ್ಕೆಯಾಗಿ ಕೊಡಬೇಕು ಎಂಬುದು ಅದರ ನಿಲುವು. ಬ್ರಿಟನ್ನಿನ 2013ರ ಮಾರ್ಗಸೂಚಿಯ ಪ್ರಕಾರ ಕ್ಲಾರ್ಕ್ ಅವರ ಪದ್ಧತಿಗೆ ನಾಲ್ಕು ತಿಂಗಳಲ್ಲಿ ಸುಮಾರು 14 ಭೇಟಿ ಸಾಕು. ದಶಕಗಳ ನರಳಾಟಕ್ಕೆ ಎದುರಾಗಿ ನಾಲ್ಕು ತಿಂಗಳು.

ಔಷಧವೂ ಕೆಲಸ ಮಾಡುತ್ತದೆ. ಎಸ್‌ಎಸ್‌ಆರ್‌ಐ ಗುಂಪಿನ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್ ಮುಖ್ಯವಾದವು. ಇವುಗಳ ಪರಿಣಾಮ ಕಾಣಲು ಕೆಲವು ವಾರ ಬೇಕು, ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರ ಸಲಹೆಯಂತೆ ನಿಧಾನವಾಗಿ ನಿಲ್ಲಿಸಬೇಕು. ಎದೆಬಡಿತ, ನಡುಕ ತಗ್ಗಿಸುವ ಪ್ರೊಪ್ರನೊಲೋಲ್ ಮಾತ್ರೆಯನ್ನು ಸಂಗೀತ ಕಛೇರಿಗೋ ಭಾಷಣಕ್ಕೋ ಮುಂಚೆ ಕೆಲವರು ತೆಗೆದುಕೊಳ್ಳುತ್ತಾರೆ. ಅದು ಆ ಹೊತ್ತಿಗಷ್ಟೇ; ಎಲ್ಲೆಡೆ ಕಾಡುವ ಭೀತಿಗೆ ಅದು ಮದ್ದಲ್ಲ, ಆಸ್ತಮಾ ಇರುವವರು ನುಂಗಲೇಬಾರದು. ನಿದ್ದೆ ಮಾತ್ರೆಯ ಜಾತಿಯ ಗುಳಿಗೆಗಳನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವವರನ್ನು ನೋಡಿದ್ದೇನೆ, ಅವು ಚಟವಾಗುತ್ತವೆ. ಕುಡಿತವೂ ಹಾಗೆಯೇ. ನಾಲ್ಕು ಜನರ ಜೊತೆ ಕೂರುವ ಧೈರ್ಯಕ್ಕೆಂದು ಶುರುವಾದ ಒಂದು ಗ್ಲಾಸು ಎಷ್ಟೋ ಮನೆಗಳನ್ನು ಹಾಳು ಮಾಡಿದೆ. ಕುಡಿತ ಬಿಡಿಸಲು ಬಂದವರ ಬಳಿ, ಕುಡಿಯುವುದಕ್ಕೆ ಮುಂಚೆ ಜನರ ನಡುವೆ ಹೇಗಿರುತ್ತಿದ್ದಿರಿ ಎಂದು ವೈದ್ಯರು ತಪ್ಪದೆ ಕೇಳಬೇಕು.

ಮನೆಯವರಿಗೆ ಎರಡು ಮಾತು. ಮಗಳ ಪರವಾಗಿ ನೀವೇ ಉತ್ತರ ಕೊಡುವುದು, ಅವಳ ಫೋನನ್ನು ನೀವೇ ಎತ್ತುವುದು, ಅವಳ ಫೀಸನ್ನು ನೀವೇ ಹೋಗಿ ಕಟ್ಟುವುದು ಪ್ರೀತಿಯಿಂದಲೇ. ಆದರೆ ಅದೂ ಆ ರಕ್ಷಣೆಗಳ ಸಾಲಿಗೇ ಸೇರುತ್ತದೆ. ಒಮ್ಮೆಗೇ ನಿಲ್ಲಿಸಬೇಡಿ, ಅವಳೊಂದಿಗೆ ಮಾತಾಡಿ ಒಂದೊಂದಾಗಿ ಬಿಡಿ. ಬಂದವರ ಎದುರು, ಒಂದು ಹಾಡು ಹೇಳು, ಯಾಕೆ ಹಾಗೆ ಮುದುಡ್ತೀಯಾ ಎಂದು ಒತ್ತಾಯಿಸುವುದಂತೂ ಬೇಡವೇ ಬೇಡ. ತಯಾರಿ ಇಲ್ಲದೆ ದೂಡಿದರೆ ಭಯ ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಖಿನ್ನತೆ, ಆತಂಕಗಳಂಥ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ದೊರೆಯುತ್ತಿಲ್ಲ ಎಂದಿತು. ನಾನು ಹೇಳಿದಂಥ ಚಿಕಿತ್ಸೆ ಕೊಡಬಲ್ಲ, ಕನ್ನಡದಲ್ಲಿ ಮಾತಾಡುವ ಮನಶ್ಶಾಸ್ತ್ರಜ್ಞರು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನ ಆಚೆ ವಿರಳ. ಇದು ಬದಲಾಗಲೇಬೇಕು. ಇದಕ್ಕಾಗಿ ನಾವು ಸರ್ಕಾರವನ್ನು ಬಿಡದೆ ಕೇಳುತ್ತಿರಬೇಕು. ಅಲ್ಲಿಯವರೆಗೆ ಇರುವುದನ್ನು ಬಳಸಿಕೊಳ್ಳಿ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ಕುಗಳನ್ನು ರೂಪಿಸಲಾಗಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋದಾಗ ಬರೀ ಕೈ ನಡುಕ, ಗ್ಯಾಸ್ಟ್ರಿಕ್, ಸುಸ್ತು ಎಂದು ಹೇಳಿ ಬರಬೇಡಿ. ಜನ ನೋಡಿದರೆ ಹೀಗಾಗುತ್ತದೆ ಎಂಬ ಒಂದು ವಾಕ್ಯ ಸೇರಿಸಿ, ವೈದ್ಯರಿಗೆ ದಾರಿ ಸಿಗುತ್ತದೆ. ಬಾಯಿ ಬಿಡಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಫೋನಿನಲ್ಲಿ ಮಾತಾಡುವುದೇ ಭಯ ಎನ್ನುವವರು ಮೊದಲ ಕರೆಯನ್ನು ಮನೆಯವರಿಂದ ಮಾಡಿಸಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ. ಎರಡನೆಯ ಕರೆಯನ್ನು ನೀವೇ ಮಾಡಬೇಕು.